ಮಾಲೋಜಿರಾವ್ ಘೋರ್ಪಡೆ

ಮಾಲೋಜಿರಾವ್ ವೆಂಕಟರಾವ್ ರಾಜೇ ಘೋರ್ಪಡೆ (ಜನನ: 1884) ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಮುಧೋಳ ಸಂಸ್ಥಾನವನ್ನು 1900ರಿಂದ 1937ರವರೆಗೆ ಆಳಿದ ಅರಸರು. ನಾನಾಸಾಹೇಬ ಎಂಬ ಹೆಸರಿನಿಂದಲೂ ಇವರು ಪರಿಚಿತರು. ಸೀಮೆಯ ಬೇಡರು ಬೇಟೆಗೆ ಬಳಸುತ್ತಿದ್ದ ನಾಯಿಗಳನ್ನು ಆಯ್ದು ಸಾಕಿ, ಮುಧೋಳ ನಾಯಿ ಎಂಬ ತಳಿಯನ್ನು ಪುನರುಜ್ಜೀವನಗೊಳಿಸಿದವರೆಂದು ಇವರನ್ನು ಮುಖ್ಯವಾಗಿ ಸ್ಮರಿಸಲಾಗುತ್ತದೆ. ಆ ನಾಯಿಯ ಮೈಕಟ್ಟನ್ನು ರೂಪಿಸಿದ ಬಯಲಿಗೂ ಅದು ಬೆನ್ನಟ್ಟುತ್ತಿದ್ದ ಚಿಂಕಾರಗಳಿಗೂ ಅಭಯಾರಣ್ಯದ ರಕ್ಷಣೆ ದೊರೆತದ್ದು ಇವರ ಆಳ್ವಿಕೆ ಮುಗಿದ ಸುಮಾರು ಎಂಟು ದಶಕಗಳ ಬಳಿಕ.

ಮನೆತನ

ಘೋರ್ಪಡೆ ಎಂಬ ಮನೆತನದ ಹೆಸರು ಉಡಕ್ಕೆ ಮರಾಠಿಯಲ್ಲಿರುವ ಘೋರ್ಪಡ ಎಂಬ ಪದದಿಂದ ಬಂದಿದೆ. ಬಹಮನಿ ಸುಲ್ತಾನರ ಕಾಲದಲ್ಲಿ ಈ ವಂಶದ ಪೂರ್ವಜರು ಉಡದ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ನೆರವಿನಿಂದ ಖೇಳಣಾ (ಇಂದಿನ ವಿಶಾಲಗಡ) ಕೋಟೆಯ ಗೋಡೆಯನ್ನೇರಿದರೆಂದೂ ಅದಕ್ಕಾಗಿ ಈ ಬಿರುದನ್ನು ಪಡೆದರೆಂದೂ ಮನೆತನದ ಐತಿಹ್ಯ ಹೇಳುತ್ತದೆ. ಮಾಂಸ ಮತ್ತು ಎಣ್ಣೆಗಾಗಿ ಬಹುಕಾಲ ಬೇಟೆಗೆ ಗುರಿಯಾದ ಉಡವು ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಶಿವಾಜಿಯ ತಂದೆ ಶಹಾಜಿಯನ್ನು 1648ರಲ್ಲಿ ಸೆರೆಹಿಡಿದ ಬಾಜಿ ಘೋರ್ಪಡೆ ಇದೇ ಮನೆತನದವರು.

ಆಳ್ವಿಕೆ

ಮಾಲೋಜಿರಾವ್ ಪಟ್ಟಕ್ಕೆ ಬಂದದ್ದು 1900ರಲ್ಲಿ, ಮುಂಬಯಿ ಪ್ರಾಂತ್ಯದ ದಖ್ಖನ್ ಭಾಗವು ಭೀಕರ ಬರದಿಂದ ತತ್ತರಿಸಿದ್ದ ಸಮಯದಲ್ಲಿ. ಆಗ ಅವರಿನ್ನೂ ಅಪ್ರಾಪ್ತರು. ಸಂಸ್ಥಾನದ ವಿಸ್ತೀರ್ಣ ಸುಮಾರು 370 ಚದರ ಮೈಲಿ. 1901ರ ಜನಗಣತಿಯ ಪ್ರಕಾರ ಜನಸಂಖ್ಯೆ 63,001. ರಾಜಧಾನಿ ಮುಧೋಳವು ಘಟಪ್ರಭಾ ನದಿಯ ದಡದಲ್ಲಿರುವ, ಕವಿ ರನ್ನನ ಜನ್ಮಸ್ಥಳವೆಂದು ಹೆಸರಾದ ಊರು. ಬ್ರಿಟಿಷ್ ಸರ್ಕಾರ 1920ರಲ್ಲಿ ಇವರಿಗೆ ಸರ್ ಪದವಿ ನೀಡಿತು. 1937ರಲ್ಲಿ ಇವರ ಆಳ್ವಿಕೆ ಕೊನೆಗೊಂಡು, ಬಾಲಕ ಭೈರವಸಿಂಹರಾವ್ ಉತ್ತರಾಧಿಕಾರಿಯಾದರು.

ಬೇಡರು ಮತ್ತು ಅವರ ನಾಯಿಗಳು

ಮುಧೋಳ ಸೀಮೆಯ ಬೇಡರಿಗೆ ಬೇಟೆ ಒಂದು ವಿನೋದವಾಗಿರಲಿಲ್ಲ. ಆಯುಧಗಳೊಡನೆ ಅವರಿಗಿದ್ದ ನಂಟು ಎಷ್ಟು ಗಾಢವಾಗಿತ್ತೆಂಬುದನ್ನು 1857ರ ಹಲಗಲಿಯ ಘಟನೆ ತೋರಿಸುತ್ತದೆ. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ದಂಗೆಯೆದ್ದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಕಂಪನಿಯ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು. ಈ ದಂಗೆಯನ್ನು ಕುರಿತ ಲಾವಣಿ ಇಂದಿಗೂ ಕನ್ನಡ ನಾಡಿನಲ್ಲಿ ಪ್ರಸಿದ್ಧವಾಗಿದೆ.

ಮಾಲೋಜಿರಾವ್ ಇದೇ ಸಮುದಾಯದ ಬಳಿ ನೀಳಕಾಲಿನ, ಕಿರಿದಾದ ತಲೆಯ, ಆಳವಾದ ಎದೆಗೂಡಿನ ನಾಯಿಗಳನ್ನು ಗಮನಿಸಿ, ಉತ್ತಮ ಲಕ್ಷಣಗಳುಳ್ಳವನ್ನು ಆರಿಸಿ ತಳಿಯನ್ನು ಸುಧಾರಿಸಿದರೆಂಬುದು ಪ್ರಚಲಿತ ನಿರೂಪಣೆ. ಮಧ್ಯ ಏಷ್ಯಾ ಮತ್ತು ಅರಬ್ ಪ್ರದೇಶಗಳಿಂದ ವ್ಯಾಪಾರಿಗಳೊಡನೆ ಹಾಗೂ ಸೈನಿಕರೊಡನೆ ದಖ್ಖನ್ನಿಗೆ ಬಂದ ನಾಯಿಗಳು ಇವುಗಳ ಮೂಲವೆಂದು ಭಾವಿಸಲಾಗಿದೆ. ಮಹಾರಾಷ್ಟ್ರದಲ್ಲಿ ಇವಕ್ಕೆ ಕಾರವಾನಿ ಎಂದು ಹೆಸರು. ಇಂಗ್ಲೆಂಡಿಗೆ ಹೋದಾಗ ಅರಸರು ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆಯಾಗಿ ನೀಡಿದರೆಂದು ಹೇಳಲಾಗುತ್ತದೆ. ಕೆಲವು ಬರಹಗಳಲ್ಲಿ ಇದರ ವರ್ಷವನ್ನು 1937 ಎಂದು ಕೊಟ್ಟಿರುವುದು ಸರಿಯಾಗಲಾರದು. ಆ ದೊರೆ 1936ರ ಜನವರಿಯಲ್ಲಿಯೇ ತೀರಿಕೊಂಡಿದ್ದರು.

ತಳಿಯನ್ನು ಉಳಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಅರಸರೊಬ್ಬರಿಗೇ ಸಲ್ಲಿಸುವುದು ವಾಡಿಕೆಯಾಗಿದ್ದರೂ, ಅರಮನೆಯ ಗಮನ ಬೀಳುವ ತನಕ ಅದನ್ನು ಕಾಪಾಡಿಕೊಂಡು ಬಂದವರು ಹಳ್ಳಿಗಳ ಬೇಟೆಗಾರರೇ.

ಬೇಟೆಯ ಬಯಲು

ಮುಧೋಳ ನಾಯಿ ವಾಸನೆಗಿಂತ ಹೆಚ್ಚಾಗಿ ದೃಷ್ಟಿಯನ್ನು ನಂಬಿ ಬೇಟೆಯಾಡುತ್ತದೆ. ದಟ್ಟ ಕಾಡಿನಲ್ಲಿ ಇಂತಹ ನಾಯಿ ನಿರುಪಯೋಗಿ. ಕಣ್ಣು ಹಾಯುವಷ್ಟು ದೂರ ತೆರೆದ ನೆಲ, ಕುರುಚಲು ಗಿಡ, ಹುಲ್ಲು ಮತ್ತು ವೇಗವಾಗಿ ಓಡುವ ಬೇಟೆ ಇದ್ದಲ್ಲಿ ಮಾತ್ರ ಅದರ ಮೈಕಟ್ಟಿಗೆ ಅರ್ಥವುಂಟು. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಜಮಖಂಡಿ, ಮುಧೋಳ, ಬೀಳಗಿ ಭಾಗದ ಒಣ ದಿಬ್ಬಗಳು ಅಂತಹ ನೆಲವಾಗಿದ್ದವು. ಮೊಲ, ನರಿ, ತೋಳ, ಕತ್ತೆಕಿರುಬ ಮತ್ತು ಚಿಂಕಾರಗಳು ಈ ಬಯಲಿನ ಜೀವಿಗಳು. ಚಿಂಕಾರವನ್ನು 1831ರಲ್ಲಿ ವೈಜ್ಞಾನಿಕವಾಗಿ ಮೊದಲು ವಿವರಿಸಿದ ವಿಲಿಯಂ ಹೆನ್ರಿ ಸೈಕ್ಸ್ ಮುಂಬಯಿ ಸೈನ್ಯದ ಅಧಿಕಾರಿ. ದಖ್ಖನ್ನಿನ ಪ್ರಾಣಿಗಳೇ ಅವರ ವಿವರಣೆಗೆ ಆಧಾರ. ಎಲೆ ಮತ್ತು ಇಬ್ಬನಿಯ ತೇವದಿಂದಲೇ ಬಹುಕಾಲ ನೀರಿಲ್ಲದೆ ಬದುಕಬಲ್ಲ ಈ ಹುಲ್ಲೆ ಬರವನ್ನು ತಾಳಿಕೊಳ್ಳುತ್ತದೆ, ಮನುಷ್ಯರ ಸಾಮೀಪ್ಯವನ್ನು ತಾಳಿಕೊಳ್ಳುವುದಿಲ್ಲ.

ಅಂದಿನ ಆಡಳಿತದ ಗಡಿಗಳು ಈ ಪ್ರಾಣಿಗಳಿಗೆ ಅನುಕೂಲವಾಗಿರಲಿಲ್ಲ. ಮುಧೋಳ ಘೋರ್ಪಡೆಯವರದು, ಜಮಖಂಡಿ ಮತ್ತು ಬನಹಟ್ಟಿ ಜಮಖಂಡಿಯ ಪಟವರ್ಧನರದು, ಬನಹಟ್ಟಿಗೆ ಅಂಟಿಕೊಂಡೇ ಇರುವ ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ನೇರವಾಗಿ ಬ್ರಿಟಿಷ್ ಆಳ್ವಿಕೆಯ ಬಿಜಾಪುರ ಜಿಲ್ಲೆಯದು. 1912ರ ವನ್ಯಪಕ್ಷಿ ಮತ್ತು ಪ್ರಾಣಿ ಸಂರಕ್ಷಣಾ ಕಾಯ್ದೆ ಬ್ರಿಟಿಷ್ ಪ್ರದೇಶಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಬೀಳಗಿಯ ದಿಬ್ಬದಿಂದ ಮುಧೋಳದ ಹೊಲಕ್ಕೆ ದಾಟಿದ ಹುಲ್ಲೆ ಆ ಕಾಯ್ದೆಯ ವ್ಯಾಪ್ತಿಯಿಂದಲೂ ದಾಟಿರುತ್ತಿತ್ತು. ಸಂಸ್ಥಾನಗಳಲ್ಲಿ ಬೇಟೆಯ ಮಿತಿ ಅರಸರ ಇಚ್ಛೆಯನ್ನು ಅವಲಂಬಿಸಿತ್ತು.

ಬಯಲಿನ ಜೀವಸಂಕುಲ ಕುಸಿಯುತ್ತಿದ್ದ ಲಕ್ಷಣಗಳು ಮಾಲೋಜಿರಾವ್ ಅವರ ಕಾಲದಲ್ಲಿಯೇ ಸುತ್ತಮುತ್ತ ಕಾಣಿಸಿಕೊಂಡಿದ್ದವು. ನೆರೆಯ ಕೊಲ್ಹಾಪುರದ ಅರಮನೆ ಹುಲ್ಲೆಗಳ ಬೇಟೆಗೆ ಪಳಗಿಸುತ್ತಿದ್ದ ಚೀತಾಗಳನ್ನು ಆಫ್ರಿಕಾದಿಂದ ತರಿಸಿಕೊಳ್ಳಬೇಕಾಯಿತು. ಭಾರತದ ಚೀತಾಗಳು ಅಷ್ಟು ವಿರಳವಾಗಿದ್ದವು. ಮಧ್ಯ ಭಾರತದ ಕೊರಿಯಾ ಸಂಸ್ಥಾನದಲ್ಲಿ ಕೊನೆಯ ಮೂರು ಚೀತಾಗಳು ಗುಂಡಿಗೆ ಬಲಿಯಾದದ್ದು 1947ರ ಸುಮಾರಿಗೆ.

ನಂತರದ ಬದಲಾವಣೆಗಳು

ಮುಧೋಳ ಸಂಸ್ಥಾನ 1948ರ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ವನ್ಯಜೀವಿಗಳ ಮಟ್ಟಿಗೆ ಬಂದೂಕಿಗಿಂತಲೂ ದೊಡ್ಡ ಬದಲಾವಣೆಯನ್ನು ತಂದದ್ದು ನೀರು. 1897ರಲ್ಲಿ ಪೂರ್ಣಗೊಂಡ ಧೂಪದಾಳ ಒಡ್ಡಿನಿಂದ ಆರಂಭವಾದ ಘಟಪ್ರಭಾ ನೀರಾವರಿ, 1970ರ ದಶಕದಲ್ಲಿ ಹಿಡಕಲ್ ಜಲಾಶಯ ನಿರ್ಮಾಣವಾದ ಮೇಲೆ ವಿಸ್ತಾರಗೊಂಡು, ಮುಧೋಳ ಮತ್ತು ಜಮಖಂಡಿಗಳನ್ನು ಕಬ್ಬಿನ ಸೀಮೆಯನ್ನಾಗಿಸಿತು. ಬರದ ನೆನಪು ಮಾಸದ ರೈತರಿಗೆ ಇದು ಬದುಕಿನ ಆಧಾರವಾಯಿತು. ಜೊತೆಗೆ ಅತಿಯಾದ ನೀರುಣಿಸುವಿಕೆಯಿಂದ ಸವಳು-ಜವಳು ಭೂಮಿಯ ಸಮಸ್ಯೆ ತಲೆದೋರಿತು. ಇನ್ನೊಂದೆಡೆ ಆಲಮಟ್ಟಿ ಜಲಾಶಯದ ಹಿನ್ನೀರು ಬೀಳಗಿ ತಾಲ್ಲೂಕಿನ ನದಿತೀರದ ಭೂಮಿಯನ್ನು ಮುಳುಗಿಸಿತು. ಕಬ್ಬಿನ ಗದ್ದೆಗೂ ಹಿನ್ನೀರಿಗೂ ನಡುವೆ ಉಳಿದ ಒಣ ದಿಬ್ಬಗಳೇ ಚಿಂಕಾರದ ಆಸರೆಯಾದವು. ಮರಗಳಿಲ್ಲದ ಹುಲ್ಲುನೆಲವನ್ನು ಬಂಜರು ಎಂದು ದಾಖಲಿಸುವ ಹಳೆಯ ಕಂದಾಯ ಪದ್ಧತಿಯಿಂದಾಗಿ ಇಂತಹ ನೆಲೆಗಳ ಬೆಲೆ ಬಹುಕಾಲ ಲೆಕ್ಕಕ್ಕೇ ಬರಲಿಲ್ಲ.

ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವು 2016ರಲ್ಲಿ ಅಸ್ತಿತ್ವಕ್ಕೆ ಬಂದಿತು. ಸುಮಾರು 96 ಚದರ ಕಿಲೋಮೀಟರ್ ವಿಸ್ತಾರದ ಇದು ಚಿಂಕಾರಕ್ಕೆಂದೇ ಮೀಸಲಾದ ಕರ್ನಾಟಕದ ಮೊದಲ ಅಭಯಾರಣ್ಯ. 2019ರಲ್ಲಿ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲಿ ಎರಡನೆಯದು ಘೋಷಣೆಯಾಯಿತು. ಚಿಂಕಾರ ಮತ್ತು ತೋಳ ಎರಡೂ ಮೊದಲನೆಯ ಅನುಸೂಚಿಗೆ ಸೇರಿವೆ. ಇವುಗಳ ಮೇಲೆ ನಾಯಿ ಬಿಡುವುದು ಈಗ ಶಿಕ್ಷಾರ್ಹ ಅಪರಾಧ. ಭಾರತದ ಬಯಲು ಪ್ರದೇಶಗಳಲ್ಲಿ ಹುಲ್ಲೆಗಳಿಗಿರುವ ಇಂದಿನ ಅಪಾಯಗಳಲ್ಲಿ ಒಡೆಯರಿಲ್ಲದೆ ಗುಂಪಾಗಿ ಅಲೆಯುವ ನಾಯಿಗಳೂ ಸೇರಿವೆ. ನಾಯಿಗಳೊಡನೆ ಬೆರಕೆಯಾಗುವುದು ತೋಳದ ವಂಶಕ್ಕೂ ತೊಡಕಾಗಿದೆ.

ಸ್ಮರಣೆ

ಭಾರತೀಯ ಅಂಚೆ ಇಲಾಖೆ 2005ರ ಜನವರಿಯಲ್ಲಿ ಮುಧೋಳ ನಾಯಿಯ ಚಿತ್ರವುಳ್ಳ 5 ರೂಪಾಯಿಯ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದ್ದು, ತಳಿಯ ಶುದ್ಧತೆಯನ್ನು ಕಾಪಾಡುವ ಕೆಲಸದಲ್ಲಿ ತೊಡಗಿದೆ. ಭಾರತೀಯ ಸೈನ್ಯವೂ ಇಲ್ಲಿಂದ ಮರಿಗಳನ್ನು ಪಡೆದು ತರಬೇತಿ ನೀಡಿದೆ. ಬೇಟೆಗೆಂದು ಹುಟ್ಟಿದ ತಳಿ ಈಗ ಹೆಚ್ಚಾಗಿ ಕಾವಲಿಗೆ ಬಳಕೆಯಾಗುತ್ತಿದೆ.