ಚಂದ್ರನ ಬೆಟ್ಟ ಕಂಡ ಗೆಲಿಲಿಯೋ

ಹುಣ್ಣಿಮೆ ದಿನ ಚಂದ್ರನಲ್ಲಿ ಏನು ಕಾಣುತ್ತೆ ಅಂತ ಕೇಳಿದರೆ ನಾವೆಲ್ಲ ಮೊಲ ಅಂತೀವಿ. ಆದರೆ ಅಲ್ಲಿ ಬೆಟ್ಟ, ತಗ್ಗುಗಳಿವೆ ಎಂದು ದೂರದರ್ಶಕದಲ್ಲಿ ನೋಡಿ ಜಗತ್ತಿಗೆ ತಿಳಿಸಿದವರು ಗೆಲಿಲಿಯೋ.

ಇವರು 1564ರ ಫೆಬ್ರವರಿ 15ರಂದು ಇಟಲಿಯ ಪೀಸಾ ನಗರದಲ್ಲಿ ಜನಿಸಿದರು. ತಂದೆ ಸಂಗೀತಗಾರರು. ಮಗ ಡಾಕ್ಟರ್ ಆಗಲಿ ಅಂತ ಅವರಿಗೆ ಆಸೆ. ಮಗನಿಗೆ ಗಣಿತದ ಹುಚ್ಚು. ವೈದ್ಯಕೀಯ ಓದು ಅರ್ಧಕ್ಕೇ ಬಿಟ್ಟು ಗಣಿತ ಕಲಿತು, ಪಡುವಾ ನಗರದಲ್ಲಿ ಮೇಷ್ಟ್ರಾದರು.

1609ರಲ್ಲಿ ದೂರದರ್ಶಕದ ಸುದ್ದಿ ಕೇಳಿ, ತಾವೇ ಗಾಜು ಉಜ್ಜಿ ಇನ್ನೂ ಒಳ್ಳೇದನ್ನು ಮಾಡಿಕೊಂಡರು. ಚಂದ್ರ ನುಣ್ಣನೆಯ ಗೋಳ ಅಂತ ಆಗ ಪಂಡಿತರು ನಂಬಿದ್ದರು. ಇವರು ನೋಡಿದರೆ ಕತ್ತಲ ಭಾಗದಲ್ಲಿ ಬೆಳಕಿನ ಚುಕ್ಕಿಗಳು! ಬೆಳಿಗ್ಗೆ ನಮ್ಮೂರ ಗುಡ್ಡದ ತುದಿಗೆ ಮೊದಲು ಬಿಸಿಲು ಬೀಳುತ್ತಲ್ಲ, ಹಾಗೆಯೇ ಅವು ಬೆಟ್ಟದ ತುದಿಗಳು ಎಂದು ತಿಳಿದರು. ಬೆಳಕಿನ ಗಡಿಯಿಂದ ಚುಕ್ಕಿ ಎಷ್ಟು ದೂರ ಅಂತ ಅಳೆದು ಬೆಟ್ಟದ ಎತ್ತರವನ್ನೂ ಲೆಕ್ಕ ಹಾಕಿದರು. 1610ರ ಜನವರಿಯಲ್ಲಿ ಗುರುಗ್ರಹದ ನಾಲ್ಕು ಚಂದ್ರಗಳನ್ನು ಕಂಡುಹಿಡಿದರು.

ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದು ಅವರು ಬರೆದದ್ದು ಧರ್ಮಗುರುಗಳಿಗೆ ಸಿಟ್ಟು ತಂದಿತು. 1633ರಲ್ಲಿ ರೋಮ್‌ನಲ್ಲಿ ವಿಚಾರಣೆ ಆಯಿತು. 69 ವರ್ಷದ ಮುದುಕರನ್ನು ಮಂಡಿಯೂರಿಸಿ, ತನ್ನದು ತಪ್ಪು ಎಂದು ಹೇಳಿಸಿದರು. ಸಾಯುವವರೆಗೂ ಮನೆಯಲ್ಲೇ ಬಂಧನ. ಮರುವರ್ಷ ಪ್ರೀತಿಯ ಮಗಳು ತೀರಿಕೊಂಡಳು. ಆಮೇಲೆ ಎರಡೂ ಕಣ್ಣು ಹೋದವು. ಚಂದ್ರನನ್ನು ಅಷ್ಟು ಚೆನ್ನಾಗಿ ನೋಡಿದ್ದ ಕಣ್ಣುಗಳು! ಆದರೂ ಸುಮ್ಮನೆ ಕೂರಲಿಲ್ಲ. ವಸ್ತುಗಳ ಚಲನೆ ಬಗ್ಗೆ ಅವರು ಬರೆದ ಪುಸ್ತಕ 1638ರಲ್ಲಿ ಹಾಲೆಂಡಿನಲ್ಲಿ ಅಚ್ಚಾಯಿತು. 1642ರ ಜನವರಿ 8ರಂದು ಅವರು ನಿಧನರಾದರು.

ಈಗ ನಮಗೆ ಇನ್ನೂ ಹೆಚ್ಚು ಗೊತ್ತಾಗಿದೆ. ಚಂದ್ರನ ದೊಡ್ಡ ಬೆಟ್ಟಸಾಲುಗಳು ಆಕಾಶದಿಂದ ಭಾರಿ ಬಂಡೆಗಳು ಬಂದು ಅಪ್ಪಳಿಸಿದ್ದರಿಂದ ಎದ್ದಂಥವು. ನಾವು ಮೊಲ ಅನ್ನೋ ಕಪ್ಪು ಭಾಗ ಹಿಂದೆ ಹರಿದು ಗಟ್ಟಿಯಾದ ಲಾವಾರಸ. 1969ರಿಂದ ಚಂದ್ರನ ಮೇಲೆ ಇಳಿದವರು ಇಟ್ಟು ಬಂದ ಯಂತ್ರಗಳು ಅಲ್ಲೂ ನೆಲ ನಡುಗುತ್ತೆ ಅಂತ ತೋರಿಸಿದವು. ಒಳಗೆ ತಣ್ಣಗಾಗುತ್ತ ಚಂದ್ರ ಸ್ವಲ್ಪ ಸ್ವಲ್ಪವೇ ಕುಗ್ಗುತ್ತಿದೆ. ಅದರಿಂದ ನೆಲ ಬಿರಿದು, ಒಂದು ಕಡೆ ಮೇಲೆದ್ದು ಮೆಟ್ಟಿಲಿನ ಹಾಗೆ ಆಗಿದೆ. ಗುರುವಿನ ಚಂದ್ರ ಅಯೋದಲ್ಲಿ ಜ್ವಾಲಾಮುಖಿ ಉಕ್ಕುವುದನ್ನು 1979ರಲ್ಲಿ ವಾಯೇಜರ್ ನೌಕೆ ಕಂಡಿತು. ಅದು ಗೆಲಿಲಿಯೋ ಕಂಡ ನಾಲ್ಕರಲ್ಲಿ ಒಂದು!

1992ರಲ್ಲಿ ಪೋಪ್ ಅವರು ಗೆಲಿಲಿಯೋ ವಿಷಯದಲ್ಲಿ ತಪ್ಪಾಗಿತ್ತೆಂದು ಒಪ್ಪಿಕೊಂಡರು. ಹೆದರಿಸಿ ಮನುಷ್ಯನ ಬಾಯಿ ಮುಚ್ಚಿಸಬಹುದು. ಆದರೆ ಬೆಟ್ಟ ಅಲ್ಲೇ ಇರುತ್ತೆ. ಆದ್ದರಿಂದ ಗೆಳೆಯರೇ, ನಾವೂ ಯಾವುದನ್ನೇ ಆಗಲಿ ಕಣ್ಣಾರೆ ನೋಡಿ, ಅಳೆದು ತಿಳಿಯೋಣ.

– ಏಳನೇ ತರಗತಿ