ಶಿವಯೋಗಿ ಸಿದ್ಧರಾಮೇಶ್ವರರ ಕೋಪಶಮನ

ಅರಿಷಡ್ವರ್ಗಗಳಲ್ಲಿ ಕ್ರೋಧಕ್ಕೆ ಒಂದು ವಿಶೇಷವುಂಟು. ಸತ್ಕಾರ್ಯದಲ್ಲಿ ನಿರತರಾದ ಸಜ್ಜನರ ಮನೆಯನ್ನೂ ಅದು ಸಲುಗೆಯಿಂದ ಹೊಕ್ಕು ಕುಳಿತುಕೊಳ್ಳುವುದು. ಹನ್ನೆರಡನೆಯ ಶತಮಾನದಲ್ಲಿ ಬಾಳಿದ ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯೇ ಇದಕ್ಕೆ ನಿದರ್ಶನವು.

ಮುದ್ದುಗೌಡ ಸುಗ್ಗವ್ವೆಯರ ಈ ಪುತ್ರನು ಬಾಲ್ಯದಲ್ಲಿ ಮಾತು ಕಡಿಮೆಯಾದ, ಮಂದನೆಂದು ಜನರು ಎಣಿಸಿದ ದನಗಾಹಿ ಹುಡುಗನು. ಜಂಗಮರೂಪದಿಂದ ಬಂದ ಮಲ್ಲಯ್ಯನಿಗಾಗಿ ಮೊಸರನ್ನವನ್ನು ತರಲು ಮನೆಗೆ ಓಡಿ ಹಿಂದಿರುಗುವಷ್ಟರಲ್ಲಿ ಆತನು ಮರೆಯಾಗಿದ್ದನು. ಅಳುತ್ತಳುತ್ತ ಶ್ರೀಶೈಲದವರೆಗೂ ಅರಸುತ್ತ ಹೋದ ಬಾಲಕನ ಕಥೆಯನ್ನು ರಾಘವಾಂಕ ಕವಿಯು ಸಿದ್ಧರಾಮ ಚಾರಿತ್ರದಲ್ಲಿ ವಿಸ್ತರಿಸಿರುವನು. ಓದದವರು ಅವಶ್ಯವಾಗಿ ಓದಬೇಕು. ಇಲ್ಲಿ ಅದನ್ನು ಬೆಳೆಸುವುದಿಲ್ಲ.

ಮಲ್ಲಿಕಾರ್ಜುನನ ಅನುಗ್ರಹವನ್ನು ಪಡೆದು ಹಿಂದಿರುಗಿದ ಮೇಲೆ ಅವರು ಸೊನ್ನಲಿಗೆಯಲ್ಲಿ ದೇವಾಲಯವನ್ನು ಕಟ್ಟಿಸಿದರು, ಕೆರೆಯನ್ನು ತೋಡಿಸಿದರು, ಹಸಿದವರಿಗೆ ಅನ್ನವಿಕ್ಕಿಸಿದರು. ಲೋಕೋಪಕಾರದಲ್ಲಿ ಅವರಿಗೆ ಸಮಾನರು ವಿರಳ. ಆದರೆ ಇದೆಲ್ಲವೂ ತನ್ನಿಂದಾಯಿತೆಂಬ ಸೂಕ್ಷ್ಮವಾದ ಭಾವವೊಂದು ಅವರಿಗೇ ತಿಳಿಯದಂತೆ ಒಳಗೆ ಬೇರೂರಿದ್ದಿತು.

ಶೂನ್ಯಸಂಪಾದನೆಯು ಹೇಳುವಂತೆ, ಅಲ್ಲಮಪ್ರಭುದೇವರು ಕೆಲಸ ನಡೆಯುತ್ತಿದ್ದ ಕೆರೆಯ ಬಳಿಗೆ ಬಂದು, ಮಣ್ಣು ಹೊರಿಸುವವನೆಂಬಂತೆ ಸಿದ್ಧರಾಮರನ್ನು ಹಗುರವಾಗಿ ಕೂಗಿದರು. ಗುರುನಿಂದೆಯನ್ನು ಸಹಿಸಲಾರದ ಕೆಲಸಗಾರರು ಕಲ್ಲುಗಳನ್ನು ತೂರಿದರು. ಪ್ರಭುಗಳಿಗೆ ಒಂದೂ ತಾಗಲಿಲ್ಲ. ಸುದ್ದಿ ಕೇಳಿ ಧಾವಿಸಿ ಬಂದ ಸಿದ್ಧರಾಮರು ಕೋಪದಿಂದ ಹಣೆಗಣ್ಣನ್ನೇ ತೆರೆದರು.

ಕೋಪವೇರಿದಾಗ ಏನಾಗುವುದೆಂಬುದನ್ನು ದೇಹವೇ ಸಾರುವುದು. ಎದೆಯ ಬಡಿತವು ಹೆಚ್ಚುವುದು, ರಕ್ತದ ಒತ್ತಡವೇರುವುದು, ಉಸಿರು ಬಿಸಿಯಾಗಿ ಮೊಟಕಾಗುವುದು. ಕ್ರೋಧದಿಂದ ಪಿತ್ತವು ಪ್ರಕೋಪಗೊಳ್ಳುವುದೆಂದು ಆಯುರ್ವೇದವು ತಿಳಿಸುವುದು. ಮಲಮೂತ್ರಾದಿ ವೇಗಗಳನ್ನು ತಡೆಯಬಾರದು, ಲೋಭಕ್ರೋಧಾದಿ ವೇಗಗಳನ್ನಾದರೋ ತಡೆಯಲೇಬೇಕೆಂಬುದು ಚರಕಸಂಹಿತೆಯ ವಿಧಿ. ಪದೇಪದೇ ಕೆರಳುವ ಸಿಟ್ಟು ಹೃದ್ರೋಗಕ್ಕೆ ದಾರಿಯೆಂದು ಈಗಿನ ವೈದ್ಯರೂ ಎಚ್ಚರಿಸುವರು. ಶಬ್ದರೂಪಗಳನ್ನು ತಪ್ಪಿದ ಹುಡುಗರ ಮೇಲೆ ಸಿಡುಕಿ, ಸಾಯಂಕಾಲದ ಪೂಜೆಗೂ ತಲೆನೋವನ್ನೇ ಹೊತ್ತು ಕುಳಿತ ಅನುಭವವು ಈ ಲೇಖಕನಿಗೂ ಉಂಟು. ಹುಡುಗರು ಅಂದು ಸುಖವಾಗಿಯೇ ಆಡಿಕೊಂಡಿದ್ದರು!

ಸಿದ್ಧರಾಮರ ಆ ಕೋಪಾಗ್ನಿಯು ಪ್ರಭುದೇವರ ಪಾದಗಳವರೆಗೆ ಬಂದು ಅಲ್ಲಿಯೇ ನಂದಿತು. ಪ್ರಭುಗಳು ಪ್ರತಿಯಾಗಿ ಕಾಯಲಿಲ್ಲ. ಬೆಂಕಿಗೆ ಮುಂದೆ ಸುಡುವುದಕ್ಕೆ ಏನೂ ದೊರೆಯಲಿಲ್ಲ. ಆಗ ಶಿವಯೋಗಿಗಳಿಗೆ ತಮ್ಮ ಒಳಗೆ ಉರಿದುದು ಯಾವುದೆಂಬುದು ಕಂಡಿತು. ಇದು ಸುಲಭವಾಗಿ ಆದುದಲ್ಲ. ಅವರೀರ್ವರ ದೀರ್ಘವಾದ ಸಂವಾದವು ಹೆಜ್ಜೆಹೆಜ್ಜೆಗೂ ಸಂಶಯಗಳಿಂದ ಕೂಡಿದುದು. ಆ ಸಂಶಯಗಳನ್ನು ಮರೆಮಾಚದೆ ಇಟ್ಟಿರುವುದೇ ಆ ಗ್ರಂಥದ ಹಿರಿಮೆಯೆಂದು ನಾನು ಭಾವಿಸಿರುವೆನು.

ಬಳಿಕ ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದ ಸಿದ್ಧರಾಮರು, ಅಷ್ಟು ಜನರಿಂದ ಗುರುವೆನಿಸಿಕೊಂಡಿದ್ದವರು, ಇನ್ನೂ ಎಳೆಯ ವಯಸ್ಸಿನವರಾದ ಚನ್ನಬಸವಣ್ಣನವರ ಮುಂದೆ ತಲೆಬಾಗಿ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಚನ್ನಬಸವಣ್ಣನವರ ತರುವಾಯ ಶೂನ್ಯಸಿಂಹಾಸನವನ್ನೂ ಏರಿದರೆಂದು ಪರಂಪರೆಯು ಹೇಳುವುದು.

ಸೊನ್ನಲಿಗೆಯೇ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರ. ಅವರ ಸಮಾಧಿಯು ಅಲ್ಲಿ ಕೆರೆಯ ನಡುವಿನ ದೇವಾಲಯದ ಆವರಣದಲ್ಲಿರುವುದು. ಮಕರಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳನ್ನು ಹೊತ್ತ ಭಕ್ತರು ಇಂದಿಗೂ ಆ ನೀರಿನ ಬಳಿಗೆ ಬರುತ್ತಾರೆ.