ಮಹಾಳಿಗೆ ಮದ್ದು ಕಂಡುಕೊಟ್ಟ ಡಾ. ಲೆಸ್ಲಿ ಕೋಲ್ಮನ್

ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತಿದರೆ ಸಿಗುವುದು ಹುಲಿಕಲ್, ಅದರಾಚೆ ಮಾಸ್ತಿಕಟ್ಟೆ. ಹೊಸನಗರ ತಾಲೂಕಿನ ಈ ಪುಟ್ಟ ಊರು ಉಳಿದ ದಿನಗಳಲ್ಲಿ ಹೆಚ್ಚು ಸುದ್ದಿಯಲ್ಲಿರುವುದಿಲ್ಲ. ಆದರೆ ಜೂನ್ ಬಂತೆಂದರೆ ಪತ್ರಿಕೆಗಳ ಮಳೆ ಪಟ್ಟಿಯಲ್ಲಿ ಮಾಣಿ, ಯಡೂರು, ಹುಲಿಕಲ್, ಸಾವೇಹಕ್ಲುಗಳ ಜತೆ ಮಾಸ್ತಿಕಟ್ಟೆಯ ಹೆಸರೂ ತಪ್ಪದೆ ಬರುತ್ತದೆ. ಒಂದೇ ದಿನಕ್ಕೆ 200 ಮಿ.ಮೀ. ಮಳೆ ಸುರಿದರೂ ಅಲ್ಲಿನವರು ಹುಬ್ಬೇರಿಸುವುದಿಲ್ಲ. ಈ ಮಳೆಯಿಂದಲೇ ವಾರಾಹಿಯ ವಿದ್ಯುತ್ತು, ಈ ಮಳೆಯಿಂದಲೇ ಅಡಿಕೆ ತೋಟದ ತಂಪು. ಅಡಿಕೆಯ ಶತ್ರು ಹುಟ್ಟಿಕೊಳ್ಳುವುದೂ ಇದೇ ಮಳೆಯಲ್ಲಿ.

ಘಾಟಿಯ ಕೆಳಗಿನ ನಾವು ಅದನ್ನು ಮಹಾಳಿ ಎನ್ನುತ್ತೇವೆ. ಘಾಟಿಯ ಮೇಲಿನವರು ಕೊಳೆ ರೋಗ ಎನ್ನುತ್ತಾರೆ. ಹೆಸರು ಎರಡಾದರೂ ಕಷ್ಟ ಒಂದೇ. ನಮ್ಮ ಓದುಗರಲ್ಲಿ ಅಡಿಕೆ ಬೆಳೆಗಾರರ ಕುಟುಂಬದವರು ಬಹಳ ಮಂದಿ ಇದ್ದಾರೆ. ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ತಂದಿಟ್ಟು, ಮದ್ದು ಬಿಡುವವರು ಯಾವಾಗ ಬರುತ್ತಾರೋ ಎಂದು ದಾರಿ ಕಾಯುವುದು ಅವರಿಗೆ ಹೊಸದಲ್ಲ. ಆದರೆ ಈ ಮದ್ದನ್ನು ನಮ್ಮ ಅಡಿಕೆ ಮರಕ್ಕೆ ಮೊದಲು ಹೊಂದಿಸಿಕೊಟ್ಟವರು ಯಾರು ಎಂದು ಕೇಳಿದರೆ ಹೇಳುವವರು ಕಡಿಮೆ. ಆ ವ್ಯಕ್ತಿ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರು.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ನಮ್ಮ ಕರಾವಳಿಗೂ ಆ ವರ್ಷ ನೆನಪಿಡುವಂಥದ್ದೇ. 1878ರ ಡಿಸೆಂಬರ್ 31ರಂದು ಜೆಸ್ವಿತ್ ಗುರುಗಳು ಮಂಗಳೂರಿಗೆ ಬಂದಿಳಿದರು. ಮುಂದೆ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದ ಫಾದರ್ ಅಗಸ್ಟಸ್ ಮುಲ್ಲರ್ ಅವರೂ ಆ ತಂಡದಲ್ಲಿದ್ದರು. ಮುಲ್ಲರ್ ಅವರಂತೆ ಕೋಲ್ಮನ್ ಗುರುಗಳೂ ಅಲ್ಲ, ಮಿಷನರಿಯೂ ಅಲ್ಲ. ಸಂಬಳಕ್ಕೆ ಬಂದ ಸರಕಾರಿ ನೌಕರ. ಆದರೂ ಹೊರದೇಶದಿಂದ ಬಂದು, ಇಲ್ಲಿನ ಜನರ ಸಂಕಟವನ್ನು ತನ್ನ ಕೆಲಸವೆಂದು ಹಚ್ಚಿಕೊಂಡವರ ಸಾಲಿನಲ್ಲಿ ಅವರನ್ನೂ ನೆನೆಯಬೇಕೆಂದು ನಮಗನಿಸುತ್ತದೆ.

ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಅವರು ಜರ್ಮನಿಯ ಗಟಿಂಗೆನ್‌ಗೆ ಹೋಗಿ ಮಣ್ಣಿನ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದರು. 1908ರಲ್ಲಿ ಮೈಸೂರು ಸರಕಾರ ಅವರನ್ನು ಶಿಲೀಂಧ್ರ ಹಾಗೂ ಕೀಟ ತಜ್ಞರನ್ನಾಗಿ ನೇಮಿಸಿಕೊಂಡಿತು. ಆಗ ಅವರಿಗೆ ಮೂವತ್ತು ವರ್ಷ. ಬೆಂಗಳೂರಿನ ಹೆಬ್ಬಾಳದಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ಕೊಟ್ಟ 30 ಎಕರೆ ಜಾಗದಲ್ಲಿ ಒಂದು ಪ್ರಯೋಗ ಕ್ಷೇತ್ರವಿತ್ತು. ರಸಾಯನ ತಜ್ಞ ಡಾ. ಲೇಮನ್ ಅಲ್ಲಿ ಕೆಲಸ ಆರಂಭಿಸಿದ್ದರು. ಅದನ್ನು ಬಿಟ್ಟರೆ ಸಂಸ್ಥಾನದಲ್ಲಿ ಕೃಷಿ ಸಂಶೋಧನೆ ಎಂದು ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ.

ಹೊಸ ತಜ್ಞರ ಮುಂದೆ ಬಂದ ಮೊದಲ ದೊಡ್ಡ ಕೆಲಸವೇ ಮಲೆನಾಡಿನ ಕೊಳೆ ರೋಗ. ಅದು ಎಂಥದೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಪೇಟೆಯಲ್ಲಿರುವ ಓದುಗರಿಗಾಗಿ ಎರಡು ಮಾತು. ಮಳೆ ಬಿಡದೆ ಹೊಯ್ದು, ನಡುವೆ ಸ್ವಲ್ಪ ಬಿಸಿಲು ಕಂಡು, ಮತ್ತೆ ಮಳೆ ಹಿಡಿದಾಗ ಎಳೆಕಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಲೆ ಮೂಡುತ್ತದೆ. ಕಾಯಿಯ ಬಣ್ಣ ಕಡು ಹಸಿರಿಗೆ ತಿರುಗುತ್ತದೆ, ಉದುರುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿ ಬೂಸ್ಟು ಹಬ್ಬುತ್ತದೆ. ಒಂದು ಮರದಲ್ಲಿ ಕಂಡ ರೋಗ ಕೆಲವೇ ದಿನಗಳಲ್ಲಿ ಸಾಲಿಗೆ ಸಾಲನ್ನೇ ಹಿಡಿಯುತ್ತದೆ. ಕೊನೆಯಿಂದ ಸುಳಿಗೆ ಇಳಿದರಂತೂ ಮರವೇ ಸಾಯುತ್ತದೆ. ಫಲ ಕೊಡಲು ಐದಾರು ವರ್ಷ ತೆಗೆದುಕೊಳ್ಳುವ ಮರ ಅದು. ಒಂದು ಮಳೆಗಾಲದ ಫಸಲು ಹೋದರೆ ಸಾಲ. ಮರವೇ ಹೋದರೆ ಬೆಳೆಗಾರ ಆ ಸಾಲದಿಂದ ಮೇಲೇಳುವುದು ಕಷ್ಟ.

ಕೋಲ್ಮನ್ ಬರುವ ಮೊದಲು ಜನ ಕೈಕಟ್ಟಿ ಕುಳಿತಿರಲಿಲ್ಲ. ಮಲೆನಾಡಿನಲ್ಲಿ ಕೊಟ್ಟೆ ಕಟ್ಟುವ ಪದ್ಧತಿಯಿತ್ತು. ಒಣ ಹುಲ್ಲಿನಿಂದ ಹೆಣೆದ ಕೊಟ್ಟೆಯನ್ನು ಒಂದೊಂದು ಕೊನೆಯ ಮೇಲೂ ಟೋಪಿಯಂತೆ ಕಟ್ಟಿ ಮಳೆನೀರು ಕಾಯಿಗೆ ತಾಗದಂತೆ ಮಾಡುತ್ತಿದ್ದರು. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರು ತಪ್ಪು ಮಾಡುತ್ತಾರೆ. ರೋಗದ ಬೀಜಾಣು ನೀರಿನಲ್ಲಿ ಈಜುವಂಥದ್ದು, ಒದ್ದೆ ಇಲ್ಲದಿದ್ದರೆ ಅದರ ಆಟ ನಡೆಯುವುದಿಲ್ಲ ಎಂಬುದನ್ನು ವಿಜ್ಞಾನ ಆಮೇಲೆ ವಿವರಿಸಿತು; ಕೊಟ್ಟೆ ಕಟ್ಟುವವನ ಕೈಗೆ ಅದು ಮೊದಲೇ ಗೊತ್ತಿತ್ತು. ಆದರೆ ಸಾವಿರಾರು ಕೊನೆಗಳಿಗೆ ಕೊಟ್ಟೆ ಹೆಣೆಯಲು ಹುಲ್ಲೆಷ್ಟು, ಆಳೆಷ್ಟು! ಗಾಳಿಗೆ ಕೊಟ್ಟೆ ಜಾರಿದರೆ ಆ ಕೊನೆ ಹೋಯಿತೆಂದೇ ಲೆಕ್ಕ.

ಕೋಲ್ಮನ್ ತೋಟಗಳಿಗೆ ಹೋಗಿ ರೋಗವನ್ನು ಅದು ಇರುವ ಜಾಗದಲ್ಲೇ ಅಭ್ಯಾಸ ಮಾಡಿದರು. ಫೈಟೊಫ್ತೊರಾ ಎಂಬ ಜಾತಿಯ ಶಿಲೀಂಧ್ರ ಇದಕ್ಕೆ ಕಾರಣವೆಂದು ವಿವರವಾಗಿ ತೋರಿಸಿ, ಅಡಿಕೆಯ ಹೆಸರನ್ನೇ ಸೇರಿಸಿ ಅದಕ್ಕೊಂದು ಗುರುತು ಕೊಟ್ಟರು. ಅವರ ಕೊಳೆ ರೋಗದ ಪುಸ್ತಿಕೆ 1910ರಲ್ಲಿ ಸರಕಾರದಿಂದ ಪ್ರಕಟವಾಯಿತು. ಯುರೋಪಿನಲ್ಲಿ ಆಲೂಗಡ್ಡೆಯನ್ನು ಕೊಳೆಸಿ 1840ರ ದಶಕದಲ್ಲಿ ಐರ್ಲೆಂಡಿಗೆ ಬರಗಾಲ ತಂದದ್ದು ಇದೇ ಶಿಲೀಂಧ್ರದ ಬಂಧು. ಹಾಗಾಗಿ ಅಲ್ಲಿನ ಮದ್ದು ಇಲ್ಲಿಗೂ ಹಿಡಿಯಬಹುದೆಂಬ ದಾರಿ ಅವರಿಗೆ ಕಂಡಿತು. ಆ ಮದ್ದೇ ಬೋರ್ಡೊ ದ್ರಾವಣ. ಫ್ರಾನ್ಸಿನ ಬೋರ್ಡೊ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ವಿಜ್ಞಾನಿ ಮಿಲಾರ್ದೆ ರೂಪಿಸಿದ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ.

ಹೀಗೆ ಹೇಳಿದರೆ ಸುಲಭವೆನಿಸುತ್ತದೆ. ಆದರೆ ದ್ರಾಕ್ಷಿ ಬಳ್ಳಿ ಆಳೆತ್ತರದ್ದು, ಅಡಿಕೆ ಮರ ನಲವತ್ತು ಐವತ್ತು ಅಡಿ. ಬೋರ್ಡೊದ ಮಳೆಯೆಲ್ಲಿ, ಆಗುಂಬೆ, ನಗರ, ತೀರ್ಥಹಳ್ಳಿಯ ಮಳೆಯೆಲ್ಲಿ! ಸಿಂಪಡಿಸಿದ್ದು ಮಳೆಗೆ ತೊಳೆದು ಹೋಗದಂತೆ ಕಾಯಿಗೆ ಅಂಟಬೇಕು, ಮಳೆ ಹಿಡಿಯುವ ಮೊದಲೇ ಸಿಂಪಡಣೆ ಮುಗಿದಿರಬೇಕು. ದ್ರಾವಣಕ್ಕೆ ರಾಳ ಮತ್ತು ಸೋಡಾ ಸೇರಿಸಿ ಅಂಟಿಸುವ ಕ್ರಮವೂ ಮೈಸೂರಿನಲ್ಲಿ ಬಳಕೆಗೆ ಬಂತು. ಮರ ಹತ್ತಿ, ತುದಿಯಲ್ಲಿ ನಿಂತು, ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುವ ಕೊನೆಗಾರನ ಚಳಕವಿಲ್ಲದಿದ್ದರೆ ಯಾವ ಡಾಕ್ಟರೇಟೂ ಇಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಕೋಲ್ಮನ್ ಅವರ ಯಶಸ್ಸಿನಲ್ಲಿ ಹೆಸರಿಲ್ಲದ ಆ ಕೊನೆಗಾರರ ಪಾಲು ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ತೊಡಕು ಮನಸ್ಸಿನದು. ದೇವರ ಪೂಜೆಗೂ ಮದುವೆಯ ತಾಂಬೂಲಕ್ಕೂ ಹೋಗುವ ಫಲಕ್ಕೆ ಮೈಲುತುತ್ತ ಬಿಡಿ ಎಂದರೆ ಯಾರಾದರೂ ಹಿಂಜರಿಯುವಂಥದೇ. ಇಂಥಲ್ಲಿ ಉಪನ್ಯಾಸದಿಂದ ಪ್ರಯೋಜನವಿಲ್ಲ. ಮದ್ದು ಬಿಟ್ಟ ತೋಟ, ಬಿಡದ ತೋಟ ಎರಡನ್ನೂ ಅಕ್ಕಪಕ್ಕ ಕಂಡಾಗ ಮಾತ್ರ ಬೆಳೆಗಾರ ನಂಬುತ್ತಾನೆ. ಶ್ರಾವಣದಲ್ಲಿ ಒಂದು ತೋಟದ ಬುಡವೆಲ್ಲ ಉದುರಿದ ಕಾಯಿ, ಪಕ್ಕದ್ದರಲ್ಲಿ ಕೊನೆ ಮರದಲ್ಲೇ ತೂಗುತ್ತಿದೆ ಎಂದರೆ ಮುಂದಿನ ವರ್ಷ ಯಾರಿಗೂ ಹೇಳಬೇಕಾಗಿಲ್ಲ. ಹೀಗೆ ಬೋರ್ಡೊ ಮಲೆನಾಡಿನಲ್ಲಿ ಹಬ್ಬಿತು, ಘಾಟಿ ಇಳಿದು ನಮ್ಮ ಕಡೆಗೂ ಬಂತು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಇಂದು ಬೆಳೆಗಾರರಿಗೆ ಬಾಯಿಪಾಠ. ದ್ರಾವಣದಲ್ಲಿ ಕಬ್ಬಿಣದ ಕತ್ತಿ ಅದ್ದಿ, ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ತಿಳಿಯುವ ಉಪಾಯವೂ ಹಾಗೆಯೇ.

1913ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕೋಲ್ಮನ್ ಕೃಷಿ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಅದು 1946ರಲ್ಲಿ ಕಾಲೇಜಾಗಿ, 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯದ ಬೇರಾಯಿತು. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ 1925ರದ್ದು. ಮಂಡ್ಯದ ಕಬ್ಬು, ಅಲ್ಲಿನ ಸಕ್ಕರೆ ಕಾರ್ಖಾನೆ ಇವುಗಳ ಹಿಂದೆಯೂ ಅವರ ದುಡಿಮೆ ಇದೆ. ಜೋಳದ ಹೊಲಗಳನ್ನು ಮೇಯುತ್ತಿದ್ದ ರೆಕ್ಕೆಯಿಲ್ಲದ ದಖ್ಖನ್ ಮಿಡತೆಗೆ ಸ್ಪೇನಿನ ವಿದ್ವಾಂಸ ಬೊಲಿವಾರ್ 1910ರಲ್ಲಿ ಕೋಲ್ಮೇನಿಯಾ ಎಂದು ಹೆಸರಿಟ್ಟರು. ಪೀಡೆಯೊಂದಕ್ಕೆ ತನ್ನ ಹೆಸರು ಬರುವುದು ಕೀಟ ತಜ್ಞರಿಗೆ ಮಾತ್ರ ಗೌರವವೆನಿಸೀತು!

ಶ್ರೀಗಂಧದ ಸ್ಪೈಕ್ ರೋಗ ಅಂಟುವಂಥದ್ದು, ಕಸಿಯ ಮೂಲಕ ರೋಗದ ಮರದಿಂದ ಆರೋಗ್ಯದ ಮರಕ್ಕೆ ದಾಟುತ್ತದೆ ಎಂಬುದನ್ನೂ ಅವರು 1917ರಲ್ಲಿ ಪ್ರಕಟಿಸಿದರು. ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯ ಜಾತಿ ತಿಳಿದದ್ದು 1969ರಲ್ಲಿ, ಅವರು ತೀರಿಕೊಂಡು ಹದಿನೈದು ವರ್ಷಗಳ ಬಳಿಕ.

ಜಾನುವಾರುಗಳ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ಆ ಕಾಲದಲ್ಲಿ ದೊಡ್ಡರೋಗ ಹೊಕ್ಕಿತೆಂದರೆ ಊರಿನ ಕೊಟ್ಟಿಗೆಗಳು ಬರಿದಾಗುತ್ತಿದ್ದವು. ಜ್ವರ, ಬಾಯಿ ಹುಣ್ಣು, ಭೇದಿ, ಆಮೇಲೆ ಸಾವು. ಎತ್ತು ಸತ್ತರೆ ಗದ್ದೆ ಉಳುವಂತಿಲ್ಲ, ಹಸು ಸತ್ತರೆ ಮಕ್ಕಳಿಗೆ ಹಾಲಿಲ್ಲ. ಅಡಿಕೆ ತೋಟಕ್ಕಂತೂ ಕೊಟ್ಟಿಗೆ ಗೊಬ್ಬರವೇ ಜೀವ. ಕೋಲ್ಮನ್ ಅವರ ಆಡಳಿತದ ಅವಧಿಯಲ್ಲಿ, 1925ರಲ್ಲಿ, ಬೆಂಗಳೂರಿನಲ್ಲಿ ಮೈಸೂರು ಸೀರಂ ಸಂಸ್ಥೆ ಸ್ಥಾಪನೆಯಾಗಿ ದೊಡ್ಡರೋಗದ ವಿರುದ್ಧ ಸೀರಂ ಇಲ್ಲಿಯೇ ತಯಾರಾಗತೊಡಗಿತು. ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ಅದರದೇ ಮುಂದುವರಿಕೆ. 2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ಅಳಿಯಿತೆಂದು ಘೋಷಣೆಯಾಯಿತು. ಮನುಷ್ಯರ ಸಿಡುಬಿನ ನಂತರ ಹೀಗೆ ನಿರ್ಮೂಲವಾದ ರೋಗ ಅದೊಂದೇ.

ಸಂಶೋಧನೆ ಹೆಬ್ಬಾಳದ ಬೇಲಿಯೊಳಗೆ ಉಳಿಯಬಾರದೆಂಬ ಹಟ ಅವರ ಕೆಲಸದಲ್ಲೆಲ್ಲ ಕಾಣುತ್ತದೆ. ರೈತರೇ ತಮ್ಮ ಹೊಲಗಳಲ್ಲಿ ಪ್ರಯೋಗ ನಡೆಸಿ ಫಲ ಹಂಚಿಕೊಳ್ಳಲೆಂದು ಮೈಸೂರು ಕೃಷಿ ಮತ್ತು ಪ್ರಯೋಗ ಸಂಘ ಅವರ ಕಾಲದಲ್ಲಿ ಹುಟ್ಟಿತು. ಅಂಥದೇ ಹೆಸರಿನ ಸಂಘ ಒಂಟಾರಿಯೊದಲ್ಲಿ ಮೊದಲೇ ಇತ್ತು. ಅವರ ಜತೆ ದುಡಿದ ಕೆ. ಕುಂಞಿಕಣ್ಣನ್, ಎಂ. ಜೆ. ನರಸಿಂಹನ್ ಮುಂತಾದ ನಮ್ಮವರೇ ಆದ ವಿಜ್ಞಾನಿಗಳು ಆ ಕೆಲಸವನ್ನು ಮುಂದುವರಿಸಿದರು.

ಸುಮಾರು ಕಾಲು ಶತಮಾನದ ಸೇವೆಯ ನಂತರ 1934ರಲ್ಲಿ ಕೋಲ್ಮನ್ ನಿವೃತ್ತರಾದರು. ಕೆನಡಾಕ್ಕೆ ಮರಳಿ ಆರಾಮಕುರ್ಚಿ ಹಿಡಿಯದೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಮಿಡತೆಗಳ, ಹೂಗಿಡಗಳ ವರ್ಣತಂತುಗಳ ಬಗ್ಗೆ ಪ್ರಬಂಧಗಳನ್ನು ಬರೆದರು. 1954ರ ಸೆಪ್ಟೆಂಬರಿನಲ್ಲಿ ನಿಧನರಾದರು.

ಅಡಿಕೆಯ ಬಗ್ಗೆ ಬರೆಯುವಾಗ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಅಡಿಕೆ ಅಗಿಯುವುದು ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿದೆ. ಕೋಲ್ಮನ್ ಕಾಲದಲ್ಲಿ ಈ ತಿಳಿವಳಿಕೆ ಇರಲಿಲ್ಲ. ಇಂದು ಇದೆ, ಆದರೆ ಇದೇ ಬೆಳೆಯಿಂದ ಅನ್ನ, ಮಕ್ಕಳ ಶಾಲೆ, ಹೆಣ್ಣುಮಕ್ಕಳ ಮದುವೆ ಕಾಣುವ ಲಕ್ಷಾಂತರ ಕುಟುಂಬಗಳೂ ಇವೆ. ಈ ಎರಡನ್ನೂ ಒಟ್ಟಿಗೆ ನೋಡುವ ಚರ್ಚೆ ನಮ್ಮಲ್ಲಿ ಇನ್ನೂ ಸರಿಯಾಗಿ ನಡೆದಿಲ್ಲ.

ಮಾಸ್ತಿಕಟ್ಟೆಯ ಸುತ್ತಿನ ತೋಟಗಳಿಗೆ ಮರಳಿದರೆ, ಕೊಳೆ ರೋಗ ಅಲ್ಲಿಂದ ಹೋಗಿಲ್ಲ. ಮಳೆಗಾಲದ ಮೊದಲೊಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು ಸಲ ಬೋರ್ಡೊ ಬೇಕೇ ಬೇಕು. ಮಳೆ ಬಿಡುವು ಕೊಡದ ವರ್ಷ ಮೂರನೆಯದೂ ಬೇಕಾಗುತ್ತದೆ. ಮರ ಹತ್ತುವವರು ಕಡಿಮೆಯಾಗಿದ್ದಾರೆ; ನೆಲದಲ್ಲೇ ನಿಂತು ಮದ್ದು ಬಿಡಲು ಕಾರ್ಬನ್ ಫೈಬರ್ ದೋಟಿಗಳು ಬಂದಿವೆ, ಬೆಲೆ ಎಲ್ಲರ ಕೈಗೆಟಕುವಂಥದ್ದಲ್ಲ. ಇದರ ಮೇಲೆ ಈಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿಯ ತೋಟಗಳಿಗೆ ಎಲೆಚುಕ್ಕಿ ರೋಗ ಹಬ್ಬಿದೆ. ಕೊಳೆ ಕಾಯಿಯನ್ನು ಹಿಡಿದರೆ, ಇದು ಸೋಗೆಯನ್ನು ಒಣಗಿಸಿ ಮರದ ಶಕ್ತಿಯನ್ನೇ ಹೀರುತ್ತದೆ. ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನೆ ನಡೆಯುತ್ತಿದೆ. 2012ರಲ್ಲಿ ಶಿವಮೊಗ್ಗಕ್ಕೆ ಬಂದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಆವರಣ ಸಾಗರ ತಾಲೂಕಿನ ಇರುವಕ್ಕಿಯಲ್ಲಿದೆ. ಎಲೆಚುಕ್ಕಿ ಹಿಡಿದ ಸೋಗೆಯನ್ನು ಕೈಯಲ್ಲಿ ಹಿಡಿದುಕೊಂಡ ಬೆಳೆಗಾರ ಈಗ ಆ ಕಡೆಗೆ ನೋಡುತ್ತಿದ್ದಾನೆ.